ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಸರೋವರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕ್ರಮ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂದು ಡೆನ್ವರ್ ನಗರದಿಂದ ಬೆಳಿಗ್ಗೆ ಹೊರಟು ಬರುವವರು ಬಹಳ ಮಂದಿ. ಬೇರ್ ಸರೋವರದ ದಡದಲ್ಲಿ ಒಂದು ಸುತ್ತು ಹಾಕಿ, ಟ್ರೈಲ್ ರಿಡ್ಜ್ ರಸ್ತೆಯಲ್ಲಿ ಕಾರಿನ ಕಿಟಕಿಯಿಂದಲೇ ಶಿಖರಗಳನ್ನು ಕಂಡು, ಅವರಲ್ಲಿ ಅನೇಕರು ತಲೆನೋವಿನೊಂದಿಗೆ ಹಿಂದಿರುಗುತ್ತಾರೆ. ಆ ತಲೆನೋವನ್ನು ಪ್ರಯಾಣದ ಆಯಾಸವೆಂದು ಅವರು ಭಾವಿಸಿದರೂ ಬಹುಮಟ್ಟಿಗೆ ಅದಕ್ಕೆ ಕಾರಣ ಎತ್ತರ. ಈ ಉದ್ಯಾನದ ಸರೋವರಗಳು ಒಂದರ ಮೇಲೊಂದು ಮೆಟ್ಟಿಲುಗಳಂತೆ ಕೂತಿವೆ. ಅವುಗಳನ್ನು ಅದೇ ಕ್ರಮದಲ್ಲಿ, ಕೆಳಗಿನದನ್ನು ಮೊದಲು ಮತ್ತು ಮೇಲಿನದನ್ನು ಕೊನೆಗೆ ಇಟ್ಟುಕೊಂಡು, ನಾಲ್ಕೈದು ದಿನಗಳಲ್ಲಿ ಹತ್ತಿದರೆ ದೇಹ ಎತ್ತರಕ್ಕೆ ಒಗ್ಗುತ್ತದೆ, ನೋಡಿದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಆ ಕ್ರಮವನ್ನು ಹೇಗೆ ಯೋಜಿಸಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೆಟ್ಟಿಲು ಎಂಬುದು ಬರಿಯ ಹೋಲಿಕೆಯಲ್ಲ. ಹಿಮಯುಗದಲ್ಲಿ ಈ ಕಣಿವೆಗಳನ್ನು ತುಂಬಿಕೊಂಡು ಜರುಗಿದ ಹಿಮನದಿಗಳು ಬಿರುಕುಬಿಟ್ಟ ಬಂಡೆಯಿದ್ದಲ್ಲಿ ಆಳವಾಗಿ ಕೊರೆದು, ಗಟ್ಟಿ ಬಂಡೆಯಿದ್ದಲ್ಲಿ ಅಡ್ಡಗೋಡೆಯನ್ನು ಉಳಿಸಿ ಮುಂದೆ ಸಾಗಿದವು. ಹಿಮ ಕರಗಿದ ಮೇಲೆ ಕೊರೆದ ಕುಳಿಗಳಲ್ಲಿ ನೀರು ನಿಂತು ಸರೋವರಗಳಾದವು. ಅಡ್ಡಗೋಡೆಗಳ ಮೇಲಿಂದ ನೀರು ಧುಮುಕಿ ಜಲಪಾತಗಳಾದವು. ಒಂದೇ ತೊರೆಯ ದಾರದಲ್ಲಿ ಪೋಣಿಸಿದಂತಿರುವ ಇಂಥ ಸರೋವರಗಳ ಸಾಲನ್ನು ಭೂವಿಜ್ಞಾನಿಗಳು ಜಪಮಾಲೆಗೆ ಹೋಲಿಸಿ ಹೆಸರಿಸಿದ್ದಾರೆ. ಬೇರ್ ಸರೋವರದಂಥ ಕೆಲವು ಮಾತ್ರ ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬದ ಹಿಂದೆ ನಿಂತ ನೀರು. ನಡೆಯುವವರಿಗೆ ಈ ತಿಳಿವಳಿಕೆಯಿಂದ ನೇರ ಪ್ರಯೋಜನವಿದೆ. ಒಂದು ಸರೋವರದಿಂದ ಮುಂದಿನದಕ್ಕೆ ಹೋಗುವಾಗ ಸಾಮಾನ್ಯವಾಗಿ ಒಂದು ಕಡಿದಾದ ಏರು, ಅದರ ಬದಿಯಲ್ಲಿ ಸದ್ದು ಮಾಡುವ ನೀರು, ಏರಿದ ನಂತರ ಸಮತಟ್ಟಾದ ತಗ್ಗು ಎದುರಾಗುತ್ತವೆ. ಶಕ್ತಿಯನ್ನು ಎಲ್ಲಿ ಉಳಿಸಿಕೊಳ್ಳಬೇಕು, ಎಲ್ಲಿ ಕೂತು ಉಸಿರಾಡಬೇಕು ಎಂಬುದನ್ನು ನಕ್ಷೆಯ ರೇಖೆಗಳನ್ನು ನೋಡಿಯೇ ಊಹಿಸಬಹುದು.

ಮೊದಲು ಕಾಲವನ್ನು ಆರಿಸಿಕೊಳ್ಳಬೇಕು. ಎತ್ತರದ ದಾರಿಗಳಲ್ಲಿ ಬರಿಯ ಬೂಟಿನಲ್ಲಿ ನೆಮ್ಮದಿಯಾಗಿ ನಡೆಯಲು ಜುಲೈ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿ ಸೂಕ್ತ. ಕೆಳಗೆ ಊರಿನಲ್ಲಿ ಬೇಸಿಗೆಯಿದ್ದರೂ ಜೂನ್ ತಿಂಗಳಲ್ಲಿ ಹತ್ತು ಸಾವಿರ ಅಡಿಯ ಮೇಲಿನ ನೆರಳಿನ ದಾರಿಗಳಲ್ಲಿ ಗಟ್ಟಿಯಾಗಿ ತುಳಿದ ಹಿಮ ಇನ್ನೂ ಉಳಿದಿರುತ್ತದೆ. ಆಗ ಹೋಗುವವರು ಬೂಟಿಗೆ ತೊಡಿಸುವ ಸಣ್ಣ ಉಕ್ಕಿನ ಮುಳ್ಳುಗಳನ್ನೂ ಒಂದು ಜೊತೆ ಊರುಗೋಲುಗಳನ್ನೂ ಇಟ್ಟುಕೊಳ್ಳಬೇಕು. ನನ್ನ ಆಯ್ಕೆಯನ್ನು ಕೇಳಿದರೆ ಸೆಪ್ಟೆಂಬರ್ ಎರಡನೆಯ ಭಾಗವನ್ನು ಹೇಳುತ್ತೇನೆ. ಮಧ್ಯಾಹ್ನದ ಗುಡುಗು ಮಳೆ ಆಗ ಕಡಿಮೆಯಾಗಿರುತ್ತದೆ, ಆಸ್ಪೆನ್ ಮರಗಳ ಎಲೆ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳು ಬೆದೆಗೆ ಬಂದು ಬಯಲುಗಳಲ್ಲಿ ಕೊಳಲಿನಂಥ ದನಿಯಲ್ಲಿ ಕೂಗುತ್ತಿರುತ್ತವೆ. ಆದರೆ ಆ ತಿಂಗಳಲ್ಲಿಯೂ ಮೇಲೆ ಹಿಮ ಬೀಳುವುದುಂಟು. ಆದ್ದರಿಂದ ಬೆಚ್ಚನೆಯ ಟೋಪಿ ಮತ್ತು ಕೈಗವಸುಗಳನ್ನು ಬಿಟ್ಟು ಹೋಗಬಾರದು.

ಎರಡನೆಯದು ಪ್ರವೇಶದ ವ್ಯವಸ್ಥೆ. 1915ರ ಜನವರಿ 26ರಂದು ಸ್ಥಾಪನೆಯಾದ ಈ ಉದ್ಯಾನ ಸುಮಾರು 1,075 ಚದರ ಕಿಲೋಮೀಟರಿನಷ್ಟೇ ಇದ್ದು, ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳನ್ನು ಕಾಣುತ್ತದೆ. ಸರೋವರಗಳಿಗೆ ಹೋಗುವ ಬೇರ್ ಲೇಕ್ ರಸ್ತೆಯಲ್ಲಿ ಕಾರು ನಿಲ್ಲಿಸುವ ಜಾಗ ಬೇಸಿಗೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ತುಂಬುತ್ತದೆ. ಅದಕ್ಕಾಗಿ 2020ರಿಂದ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಸಮಯ ನಿಗದಿಪಡಿಸಿದ ಪ್ರವೇಶ ಪರ್ಮಿಟ್ ಜಾರಿಗೆ ಬಂದಿದೆ. ಪರ್ಮಿಟ್‌ನಲ್ಲಿ ಎರಡು ಬಗೆ: ಒಂದರಲ್ಲಿ ಬೇರ್ ಲೇಕ್ ರಸ್ತೆ ಸೇರಿರುತ್ತದೆ, ಇನ್ನೊಂದರಲ್ಲಿ ಸೇರಿರುವುದಿಲ್ಲ. ಈ ಬರಹದಲ್ಲಿ ಹೇಳಿದ ಹೆಚ್ಚಿನ ಸರೋವರಗಳಿಗೆ ಮೊದಲನೆಯದೇ ಬೇಕು, ಕಾಯ್ದಿರಿಸುವಾಗ ಇದನ್ನು ಎರಡು ಸಲ ನೋಡಿಕೊಳ್ಳಿ. ಸರ್ಕಾರದ ಕಾಯ್ದಿರಿಸುವ ತಾಣದಲ್ಲಿ ಪ್ರತಿ ತಿಂಗಳ ಒಂದನೆಯ ತಾರೀಖಿನ ಬೆಳಿಗ್ಗೆ ಮುಂದಿನ ತಿಂಗಳ ಪರ್ಮಿಟ್‌ಗಳನ್ನು ಬಿಡುವುದು, ಒಂದು ಪಾಲನ್ನು ಉಳಿಸಿಕೊಂಡು ಹಿಂದಿನ ಸಂಜೆ ಬಿಡುವುದು ಇದುವರೆಗಿನ ರೂಢಿ. ಬೇರ್ ಲೇಕ್ ರಸ್ತೆಗೆ ಪರ್ಮಿಟ್ ಬೇಕಾಗುವ ಅವಧಿ ಬೆಳಿಗ್ಗೆ 5ರಿಂದ ಸಂಜೆ 6ರವರೆಗೆ ಇದ್ದು, ಐದಕ್ಕಿಂತ ಮುಂಚೆ ಒಳಗೆ ಬಂದವರಿಗೆ ಪ್ರವೇಶ ಶುಲ್ಕ ಮಾತ್ರ ಸಾಕಾಗುತ್ತಿತ್ತು. ಸಮಯ ಮತ್ತು ಶುಲ್ಕದ ನಿಯಮಗಳನ್ನು ಉದ್ಯಾನದವರು ವರ್ಷ ವರ್ಷವೂ ಪರಿಷ್ಕರಿಸುತ್ತಾರಾದ್ದರಿಂದ ಹೊರಡುವ ವರ್ಷದ ನಿಯಮವನ್ನು ಅವರ ತಾಣದಲ್ಲಿಯೇ ಓದಿಕೊಂಡು ಹೋಗಬೇಕು. ಕಾರು ನಿಲ್ಲಿಸುವ ಚಿಂತೆ ಬೇಡವೆನ್ನುವವರಿಗೆ ಬೇರ್ ಲೇಕ್ ರಸ್ತೆಯ ನಡುವಿನ ದೊಡ್ಡ ಪಾರ್ಕಿಂಗ್ ತಾಣದಿಂದ ಷಟಲ್ ಬಸ್ಸುಗಳಿವೆ.

ಇನ್ನು ದೇಹದ ವಿಷಯ. ಉದ್ಯಾನದ ಪೂರ್ವ ಬಾಗಿಲಿನಂತಿರುವ ಎಸ್ಟೆಸ್ ಪಾರ್ಕ್ ಪಟ್ಟಣವೇ 7,522 ಅಡಿ ಎತ್ತರದಲ್ಲಿದೆ. ಹತ್ತು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಸುಮಾರು ಶೇಕಡಾ 70ರಷ್ಟಿರುತ್ತದೆ. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬಯಲು ಸೀಮೆಯಿಂದ ಬಂದವರು ಮೊದಲ ರಾತ್ರಿಯನ್ನು ಪಟ್ಟಣದಲ್ಲಿ ಕಳೆದು, ಮೊದಲ ದಿನ ಕಡಿಮೆ ನಡೆದು, ನೀರನ್ನು ಬಾಯಾರುವ ಮೊದಲೇ ಕುಡಿಯುತ್ತಿರಬೇಕು. ತಲೆನೋವು, ವಾಕರಿಕೆ, ಊಟ ಸೇರದಿರುವುದು ಕಾಣಿಸಿಕೊಂಡರೆ ಅಲ್ಲಿಗೇ ಏರುವುದನ್ನು ನಿಲ್ಲಿಸಬೇಕು. ವಿಶ್ರಾಂತಿಯಿಂದ ಕಡಿಮೆಯಾಗದಿದ್ದರೆ, ಅದರಲ್ಲೂ ನಡಿಗೆ ತಡವರಿಸಿದರೆ ಅಥವಾ ಕೂತಾಗಲೂ ಉಸಿರು ಕಟ್ಟಿದರೆ, ಕೂಡಲೇ ಕೆಳಗಿಳಿದು ವೈದ್ಯರನ್ನು ಕಾಣಬೇಕು. ಗುಂಪಿನಲ್ಲಿ ಯಾರಿಗಾದರೂ ಹೀಗಾದಾಗ ಉಳಿದವರಿಗೆ ತೊಂದರೆಯಾಗಬಾರದೆಂದು ಅವರು ಸುಮ್ಮನಿದ್ದುಬಿಡುವುದು ಹೆಚ್ಚು. ಆದ್ದರಿಂದ ಜೊತೆಯವರೇ ಆಗಾಗ ಕೇಳುತ್ತಿರಬೇಕು.

ಮೊದಲ ದಿನಕ್ಕೆ ಸುಮಾರು 8,700 ಅಡಿ ಎತ್ತರದ ಸ್ಪ್ರೇಗ್ ಸರೋವರ ಸಾಕು. ಆಬ್ನರ್ ಸ್ಪ್ರೇಗ್ ಎಂಬ ಹಳೆಯ ವಲಸೆಗಾರ ತನ್ನ ವಸತಿಗೃಹದ ಅತಿಥಿಗಳಿಗೆ ಮೀನು ಹಿಡಿಯಲು ಅನುಕೂಲವಾಗಲೆಂದು ತೊರೆಗೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಇದು. ಸುತ್ತಲಿನ ದಾರಿ ಒಂದು ಮೈಲಿಗೂ ಕಡಿಮೆ, ಸಮತಟ್ಟು. ಗಾಲಿಕುರ್ಚಿಯಲ್ಲಿ ಬರುವವರೂ ವಯಸ್ಸಾದವರೂ ಮಕ್ಕಳೂ ಪೂರ್ತಿ ಸುತ್ತಬಹುದು. ಸೂರ್ಯ ಹುಟ್ಟುವ ಮೊದಲೇ ಪೂರ್ವದ ದಡದಲ್ಲಿ ನಿಂತರೆ ಎದುರಿನ ಜಲವಿಭಾಜಕ ಶ್ರೇಣಿಯ ತುದಿಗಳು ಮೊದಲು ಕೆಂಪಾಗಿ, ಆ ಕೆಂಪು ನಿಧಾನವಾಗಿ ಕೆಳಗಿಳಿದು, ಅಲುಗದ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಗಾಳಿ ಏಳುವುದು ಬಿಸಿಲೇರಿದ ಮೇಲೆ. ಹೀಗಾಗಿ ಪ್ರತಿಬಿಂಬ ನೋಡಬೇಕೆನ್ನುವವರಿಗೆ ನಸುಕಿನ ಗಂಟೆಯೇ ಗಂಟೆ. ಅದೇ ದಿನ ಸಂಜೆ 9,475 ಅಡಿಯ ಬೇರ್ ಸರೋವರವನ್ನು ಒಂದು ಸುತ್ತು ಹಾಕಿ ಬಂದರೆ ಮರುದಿನದ ದಾರಿಯ ಆರಂಭವೂ ಪರಿಚಯವಾಗುತ್ತದೆ.

ಎರಡನೆಯ ದಿನ ಬೇರ್ ಸರೋವರದಿಂದ ಮೇಲೇರುವ, ಈ ಉದ್ಯಾನದಲ್ಲಿಯೇ ಅತಿ ಹೆಚ್ಚು ಜನ ನಡೆಯುವ ದಾರಿ. ಅರ್ಧ ಮೈಲಿಗೆ ನಿಂಫ್, 1.1 ಮೈಲಿಗೆ ಡ್ರೀಮ್, 1.8 ಮೈಲಿಗೆ ಎಮರಾಲ್ಡ್ ಸರೋವರ ಸಿಗುತ್ತವೆ. ಕೊನೆಯದು ಸುಮಾರು 10,100 ಅಡಿಯಲ್ಲಿದ್ದು, ಹೋಗಿ ಬರುವ ದೂರ ಆರು ಕಿಲೋಮೀಟರಿಗೂ ಕಡಿಮೆ. ನಿಂಫ್ ಸರೋವರಕ್ಕೆ ಆ ಹೆಸರು ಬಂದದ್ದು ಅದರ ಮೇಲೆ ಹಾಸಿರುವ ಹಳದಿ ನೈದಿಲೆಯ ಹಳೆಯ ಸಸ್ಯಶಾಸ್ತ್ರೀಯ ಹೆಸರಿನಿಂದ. ಡ್ರೀಮ್ ಸರೋವರ ಉದ್ದಕ್ಕೆ ಕಿರಿದಾಗಿ ಚಾಚಿಕೊಂಡಿದ್ದು, ಅದರ ತಲೆಯ ಬಳಿ ಹ್ಯಾಲೆಟ್ ಶಿಖರದ ಬಂಡೆಗೋಡೆ ನೇರವಾಗಿ ಎದ್ದುನಿಂತಿದೆ. ಎಮರಾಲ್ಡ್ ತಲುಪಿದ ಕೂಡಲೇ ಫೋಟೊ ತೆಗೆದು ಮರಳುವವರ ನಡುವೆ ನೀವು ಅರ್ಧ ಗಂಟೆ ಕೂರಬೇಕೆಂಬುದು ನನ್ನ ಬಿನ್ನಹ. ಅದು ಕಣಿವೆಯ ಕೊನೆ. ಮೂರು ಕಡೆಯೂ ಕಲ್ಲು, ಆ ಕಲ್ಲಿನ ನೆತ್ತಿಯಲ್ಲಿ ಉಳಿದಿರುವ ಟಿಂಡಲ್ ಹಿಮನದಿಯ ತುಣುಕು, ಅಲ್ಲಿಂದ ಇಳಿದ ನೀರು ನೀವು ಬೆಳಿಗ್ಗೆ ದಾಟಿ ಬಂದ ಡ್ರೀಮ್ ಸರೋವರದ ಕಡೆಗೆ ಹೋಗುತ್ತಿರುವುದು, ಇವೆಲ್ಲ ಕೂತವರ ಕಣ್ಣಿಗೆ ಮಾತ್ರ ಒಂದಾಗಿ ಕಾಣುತ್ತವೆ.

ಮರಳುವಾಗ ಇನ್ನೂ ಶಕ್ತಿಯಿದ್ದರೆ ಡ್ರೀಮ್ ಸರೋವರದ ಬಳಿ ಕವಲೊಡೆಯುವ ದಾರಿಯನ್ನು ಹಿಡಿದು ಹೈಯಾಹ ಸರೋವರಕ್ಕೆ ಹೋಗಬಹುದು. ಅರಪಾಹೊ ಭಾಷೆಯಿಂದ ಬಂದ ಈ ಹೆಸರಿಗೆ ಬಂಡೆ ಎಂಬ ಅರ್ಥವನ್ನು ಹೇಳುತ್ತಾರೆ. ಆ ಅರ್ಥ ಎಷ್ಟು ಸರಿಯಾದದ್ದೆಂದು ಕೊನೆಯ ಕೆಲವು ನೂರು ಅಡಿ ದೊಡ್ಡ ಬಂಡೆಗಳ ಮೇಲೆ ಕೈಯೂರಿ ದಾಟುವಾಗ ತಿಳಿಯುತ್ತದೆ. 2022ರ ಜೂನ್ 28ರಂದು ಇದರ ಮೇಲಿನ ಕೇಯಾಸ್ ಕಮರಿಯಲ್ಲಿ ಹ್ಯಾಲೆಟ್ ಶಿಖರದ ಒಂದು ಪಕ್ಕ ಕುಸಿದು ಅಪಾರ ಕಲ್ಲು ಜರುಗಿತು. ಆ ಕುಸಿತದಲ್ಲಿ ಪುಡಿಯಾದ ಕಲ್ಲಿನ ನುಣುಪಾದ ಹುಡಿ ನೀರಿಗೆ ಸೇರಿ, ಅಲ್ಲಿಯವರೆಗೆ ತಿಳಿಯಾಗಿದ್ದ ಸರೋವರ ಹಾಲು ಬೆರೆಸಿದ ಹಸಿರಾಯಿತು. ನೀರಿನಲ್ಲಿ ತೇಲುವ ಆ ಸಣ್ಣ ಕಣಗಳು ಬೆಳಕನ್ನು ಚದುರಿಸುವುದೇ ಬಣ್ಣಕ್ಕೆ ಕಾರಣ. ಬೆಟ್ಟ ಇನ್ನೂ ಬದಲಾಗುತ್ತಲೇ ಇದೆ ಎಂಬುದನ್ನು ಕಣ್ಣಾರೆ ತೋರಿಸುವ ಜಾಗ ಇದಕ್ಕಿಂತ ಬೇರೆ ಇಲ್ಲಿಲ್ಲ. ಕುಸಿದ ಇಳಿಜಾರಿನ ಕಡೆಗೆ ಮಾತ್ರ ಕಾಲಿಡಬಾರದು. ಅಲ್ಲಿ ಕಲ್ಲುಗಳು ನೆಲೆ ಕಂಡಿರುವುದಿಲ್ಲ.

ಮೂರನೆಯ ದಿನವನ್ನು ನಾನು ಈ ಇಡೀ ಪ್ರವಾಸದ ನಡುಮಧ್ಯವೆಂದು ತಿಳಿಯುತ್ತೇನೆ. ಗ್ಲೇಷಿಯರ್ ಗಾರ್ಜ್ ದಾರಿಯ ಆರಂಭ 9,240 ಅಡಿಯಲ್ಲಿದೆ. 0.8 ಮೈಲಿಗೆ ಆಲ್ಬರ್ಟಾ ಜಲಪಾತ, ಸುಮಾರು ಮೂರು ಮೈಲಿಗೆ ಲಾಕ್ ಸರೋವರ, ಅಲ್ಲಿಂದ ಟಿಂಬರ್‌ಲೈನ್ ಜಲಪಾತ, ಅದರ ನೆತ್ತಿಯಲ್ಲಿ ಗ್ಲಾಸ್ ಸರೋವರ, ಕೊನೆಗೆ 10,900 ಅಡಿಯ ಸ್ಕೈ ಪಾಂಡ್. ಒಂದು ಕಡೆಯ ದೂರ ಐದು ಮೈಲಿಗೆ ಸ್ವಲ್ಪ ಕಡಿಮೆ. ಏರು ಸುಮಾರು 1,700 ಅಡಿ. ಹಿಮನದಿ ಕೊರೆದ ಮೆಟ್ಟಿಲುಗಳು ಇಷ್ಟು ಸ್ಪಷ್ಟವಾಗಿ ಕಾಲಿಗೆ ತಿಳಿಯುವ ದಾರಿ ಮತ್ತೊಂದಿಲ್ಲ. ಕಷ್ಟವಿರುವುದು ಒಂದೇ ಕಡೆ, ಟಿಂಬರ್‌ಲೈನ್ ಜಲಪಾತದ ಬದಿಯಲ್ಲಿ. ಅಲ್ಲಿ ದಾರಿ ಮುಗಿದು, ನೀರು ಸಿಡಿಯುವ ಬಂಡೆಯ ಸಂದಿನಲ್ಲಿ ಕೈಕಾಲು ಎರಡನ್ನೂ ಊರಿ ಹತ್ತಬೇಕು. ಬೇಸಿಗೆಯ ಆರಂಭದಲ್ಲಿ ಆ ಸಂದಿನಲ್ಲಿ ಮಂಜುಗಡ್ಡೆ ಇರುತ್ತದೆ. ಮುಂದೆ ಅದು ಕರಗಿದರೂ ಕಲ್ಲು ಒದ್ದೆಯಾಗಿ ಜಾರುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಕಠಿಣ, ಆದ್ದರಿಂದ ಇಳಿಯಬಲ್ಲೆನೆಂಬ ಭರವಸೆ ಇಲ್ಲದೆ ಹತ್ತಬಾರದು. ಹತ್ತುವವರಿಗೂ ಇಳಿಯುವವರಿಗೂ ಒಂದೇ ಸಂದಿ ಇರುವುದರಿಂದ ಒಬ್ಬರು ದಾಟುವವರೆಗೆ ಮತ್ತೊಬ್ಬರು ಬದಿಯಲ್ಲಿ ನಿಂತಿರಬೇಕು. ಎತ್ತರಕ್ಕೆ ಅಥವಾ ಒದ್ದೆ ಬಂಡೆಗೆ ಅಂಜುವವರು ಲಾಕ್ ಸರೋವರದ ದಡದಲ್ಲಿಯೇ ದಿನವನ್ನು ಕಳೆದರೆ ಏನೂ ಕಳೆದುಕೊಂಡಂತಾಗುವುದಿಲ್ಲ. ಅಥವಾ ಕವಲಿನಲ್ಲಿ ಎಡಕ್ಕೆ ತಿರುಗಿ ಮಿಲ್ಸ್ ಸರೋವರಕ್ಕೆ ಹೋಗಬಹುದು. ಈ ಉದ್ಯಾನ ಆಗಬೇಕೆಂದು ವರ್ಷಗಟ್ಟಲೆ ಬರೆದು, ಭಾಷಣ ಮಾಡಿ ಹೋರಾಡಿದ ಈನಸ್ ಮಿಲ್ಸ್ ಅವರ ಹೆಸರನ್ನು ಆ ಸರೋವರ ಹೊತ್ತಿದೆ. ಅದರ ಸುತ್ತ ಹಿಮನದಿ ಉಜ್ಜಿ ನಯಗೊಳಿಸಿದ ಅಗಲವಾದ ಬಂಡೆಹಾಸುಗಳಿದ್ದು, ಮಧ್ಯಾಹ್ನದ ಬುತ್ತಿಗೆ ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಸಿಡಿಲಿನ ವಿಷಯವನ್ನು ಇಲ್ಲಿಯೇ ಒತ್ತಿ ಹೇಳಬೇಕು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬೆಳಗಿನ ಆಕಾಶ ಎಷ್ಟೇ ಶುಭ್ರವಾಗಿದ್ದರೂ ಬಿಸಿಲಿಗೆ ಕಾದ ಗಾಳಿ ಇಳಿಜಾರುಗಳ ಮೇಲೆ ಏರಿ, ಮಧ್ಯಾಹ್ನದ ಹೊತ್ತಿಗೆ ಕಪ್ಪು ಮೋಡವಾಗಿ ಗುಡುಗುವುದು ಇಲ್ಲಿ ಸಾಮಾನ್ಯ. ಸುಮಾರು 11,400 ಅಡಿಯ ಮೇಲೆ ಮರಗಳಿಲ್ಲ. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಡೆಯುವ ಮನುಷ್ಯನೇ ಆಗಿರುತ್ತಾನೆ. 2014ರ ಜುಲೈಯಲ್ಲಿ ಸತತ ಎರಡು ದಿನ ಟ್ರೈಲ್ ರಿಡ್ಜ್ ರಸ್ತೆಯ ಆಸುಪಾಸಿನಲ್ಲಿ ಸಿಡಿಲು ಬಡಿದು ದಿನಕ್ಕೊಬ್ಬರಂತೆ ಇಬ್ಬರು ತೀರಿಕೊಂಡರು. ಆದ್ದರಿಂದ ಮರಗಳ ಗಡಿಯ ಮೇಲೆ ಹೋಗುವ ದಿನ ಕತ್ತಲಿರುವಾಗಲೇ ತಲೆದೀಪ ಕಟ್ಟಿಕೊಂಡು ಹೊರಟು, ಗುರಿ ತಲುಪಿರಲಿ ಬಿಡಲಿ, ಹನ್ನೆರಡು ಗಂಟೆಯೊಳಗೆ ಮರಗಳಿರುವ ಎತ್ತರಕ್ಕೆ ಇಳಿದಿರಬೇಕು. ಗುಡುಗು ಕೇಳಿಸಿದರೆ ಏಣು, ಒಂಟಿ ಮರ, ತೆರೆದ ಬಯಲು, ನೀರಿನ ದಡ ಇವುಗಳಿಂದ ದೂರ ಸರಿದು ಕೆಳಗಿಳಿಯುವುದೊಂದೇ ದಾರಿ. ಸ್ವಲ್ಪ ಹೊತ್ತು ನೋಡೋಣ ಎಂಬ ಮಾತನ್ನು ಆಗ ಯಾರೂ ಆಡಬಾರದು.

ಚೀಲದಲ್ಲಿ ಏನಿರಬೇಕೆಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಮಳೆಯ ಕೋಟು, ಉಣ್ಣೆಯ ಅಥವಾ ಬೇಗ ಒಣಗುವ ಬಟ್ಟೆಯ ಒಂದು ಹೆಚ್ಚುವರಿ ಪದರ, ಬಿಸಿಲಿನ ಲೇಪ, ತಂಪು ಕನ್ನಡಕ, ತಲೆದೀಪ, ಉಪ್ಪಿನಂಶವಿರುವ ತಿನಿಸು, ಒಬ್ಬರಿಗೆ ಎರಡು ಲೀಟರಿಗೆ ಕಡಿಮೆಯಿಲ್ಲದ ನೀರು. ತೊರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಅದರಲ್ಲಿ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಪರೋಪಜೀವಿ ಇರಬಹುದು. ಸೋಸುವ ಸಾಧನ ಬಳಸಬೇಕು, ಇಲ್ಲವೇ ಈ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕು. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಅನ್ನು ನಂಬಲಾಗದ ಕಾರಣ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ. ಯಾವ ದಾರಿಯಲ್ಲಿ ಹೋಗಿ ಯಾವ ಹೊತ್ತಿಗೆ ಮರಳುತ್ತೀರೆಂದು ಕೆಳಗಿರುವ ಒಬ್ಬರಿಗೆ ಹೇಳಿ ಹೋಗಬೇಕು. ನಾಯಿಗಳನ್ನು ಚಾರಣದ ದಾರಿಗಳಿಗೆ ಬಿಡುವುದಿಲ್ಲ, ಡ್ರೋನ್ ಹಾರಿಸುವಂತಿಲ್ಲ.

ನಾಲ್ಕನೆಯ ದಿನ ವಿಶ್ರಾಂತಿಯ ಸಲುವಾಗಿ ಟ್ರೈಲ್ ರಿಡ್ಜ್ ರಸ್ತೆ. ಮೊದಲ ದಿನವೇ ಕಾರಿನಲ್ಲಿ 12,183 ಅಡಿಗೆ ಏರುವುದಕ್ಕಿಂತ, ಮೂರು ದಿನ ನಡೆದು ಒಗ್ಗಿಕೊಂಡ ಮೇಲೆ ಏರುವುದು ಎಷ್ಟೋ ಹಿತ. ಎಸ್ಟೆಸ್ ಪಾರ್ಕಿನಿಂದ ಪಶ್ಚಿಮದ ಗ್ರ್ಯಾಂಡ್ ಲೇಕ್ ಊರಿಗೆ 48 ಮೈಲಿ. ಅದರಲ್ಲಿ 11 ಮೈಲಿ ಮರಗಳ ಗಡಿಯ ಮೇಲೆಯೇ ಸಾಗುತ್ತದೆ. ಸಾಮಾನ್ಯವಾಗಿ ಮೇ ಕೊನೆಯಲ್ಲಿ ತೆರೆದು ಅಕ್ಟೋಬರ್ ಮಧ್ಯದಲ್ಲಿ ಮುಚ್ಚುತ್ತದೆ. ಅಲ್ಲಿ ನೆಲಕ್ಕಂಟಿ ಬೆಳೆಯುವ ಬೆರಳುದ್ದದ ಗಿಡಗಳು ವರ್ಷದಲ್ಲಿ ಕೆಲವೇ ವಾರ ಹೂಬಿಡುತ್ತವೆ, ಒಮ್ಮೆ ತುಳಿದ ಜಾಗ ಚೇತರಿಸಿಕೊಳ್ಳಲು ದಶಕಗಳೇ ಬೇಕು. ದಾರಿ ಬಿಟ್ಟು ಹೆಜ್ಜೆ ಇಡಲೇಬೇಕಾದರೆ ಕಲ್ಲಿನಿಂದ ಕಲ್ಲಿಗೆ ಇಡಿ. ಪಶ್ಚಿಮಕ್ಕಿಳಿದರೆ ಕಾವುನೀಚಿ ಕಣಿವೆ; ಕೊಲರಾಡೊ ನದಿ ಇಲ್ಲಿ ಹಾರಿ ದಾಟಬಹುದಾದಷ್ಟು ಸಣ್ಣ ಹೊಳೆ. ಅಲ್ಲಿನ ಜೌಗಿನಲ್ಲಿ ಜಿಂಕೆಯ ಜಾತಿಯಲ್ಲೇ ಅತಿ ದೊಡ್ಡದಾದ ಮೂಸ್ ಮೇಯುತ್ತಿರುತ್ತದೆ. ನೋಡಲು ಮಂದವಾಗಿ ಕಂಡರೂ ಕರುವಿನ ಜೊತೆಗಿರುವ ಹೆಣ್ಣು ಮೂಸ್ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಡುವ ಪ್ರಾಣಿ. ಮೂಸ್ ಮತ್ತು ಕರಡಿಯಿಂದ 120 ಅಡಿ, ಎಲ್ಕ್ ಮತ್ತು ಕಾಡುಟಗರುಗಳಿಂದ 75 ಅಡಿ ದೂರವಿರಬೇಕೆಂಬುದು ನಿಯಮ. 2020ರ ಅಕ್ಟೋಬರಿನಲ್ಲಿ ಈಸ್ಟ್ ಟ್ರಬಲ್‌ಸಮ್ ಕಾಡ್ಗಿಚ್ಚು ಈ ಕಣಿವೆಯ ಒಂದು ಭಾಗವನ್ನು ಸುಟ್ಟಿತು. ಸುಟ್ಟು ನಿಂತ ಮರಗಳು ಗಾಳಿಗೆ ತಟ್ಟನೆ ಉರುಳುವುದರಿಂದ ಅವುಗಳ ಕೆಳಗೆ ವಿಶ್ರಾಂತಿಗೆ ಕೂರಬಾರದು.

ಕೊನೆಯ ದಿನ ಕ್ಯಾಸಮ್ ಸರೋವರ. ಲಾಂಗ್ಸ್ ಶಿಖರದ ದಾರಿ ಆರಂಭವಾಗುವಲ್ಲಿಂದ 4.2 ಮೈಲಿ; ಸುಮಾರು 2,400 ಅಡಿ ಏರಿ 11,700 ಅಡಿಯನ್ನು ದಾಟಬೇಕು. ಇದರ ದಾರಿ ಬೇರ್ ಲೇಕ್ ರಸ್ತೆಯಲ್ಲಿಲ್ಲ, ಎಸ್ಟೆಸ್ ಪಾರ್ಕಿನ ದಕ್ಷಿಣಕ್ಕಿರುವ ಹೆದ್ದಾರಿಯ ಕಡೆಯಿಂದ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಮೊದಲ ಎರಡು ಗಂಟೆ ಕಾಡಿನ ಕತ್ತಲೆಯಲ್ಲಿ ಕಳೆದು, ಮರಗಳು ಕುಳ್ಳಾಗಿ ತಿರುಚಿಕೊಂಡು ಮುಗಿಯುವಲ್ಲಿ ಬೆಳಕಾಗುತ್ತದೆ. ಕವಲಿನಲ್ಲಿ ಶಿಖರಕ್ಕೆ ಹೋಗುವವರು ಬಲಕ್ಕೆ ತಿರುಗುತ್ತಾರೆ, ಸರೋವರಕ್ಕೆ ಎಡಕ್ಕೆ. ಅಲ್ಲಿಂದ ಮುಂದೆ ಇಳಿಜಾರಿಗೆ ಅಡ್ಡವಾಗಿ ಕೊರೆದ ಕಿರಿದಾರಿಯ ಮೇಲೆ ಜುಲೈವರೆಗೂ ಹಿಮದ ಹಾಸು ಉಳಿದಿರುತ್ತದೆ. ಅದರ ಮೇಲೆ ಕಾಲು ಜಾರಿದರೆ ಬಹಳ ಕೆಳಗೆ ಹೋಗಿ ನಿಲ್ಲಬೇಕಾಗುತ್ತದೆ. ಹಿಮಗೊಡಲಿಯ ಬಳಕೆ ತಿಳಿಯದವರು ಆ ಹಾಸನ್ನು ಕಂಡ ಕಡೆಯಿಂದಲೇ ಹಿಂದಿರುಗಬೇಕು. ಕೊನೆಯ ಬಂಡೆಗೋಡೆಯನ್ನು ಕೈಯೂರಿ ಹತ್ತಿ ತಲೆ ಎತ್ತಿದಾಗ ಸರೋವರವೂ, ಅದರ ಹಿಂದೆ 14,259 ಅಡಿಯ ಲಾಂಗ್ಸ್ ಶಿಖರದ ಪೂರ್ವಮುಖವೂ, ಆ ಮುಖದ ಮೇಲ್ಭಾಗದಲ್ಲಿ ಡೈಮಂಡ್ ಎಂದು ಕರೆಯುವ ಸುಮಾರು 900 ಅಡಿಯ ನೆಟ್ಟನೆಯ ಬಂಡೆಯೂ ಒಟ್ಟಿಗೆ ಎದುರಾಗುತ್ತವೆ. ಬೆಳಗಿನ ಬಿಸಿಲು ನೇರವಾಗಿ ಬಂಡೆಯ ಮೇಲೆ ಬೀಳುತ್ತಿರುತ್ತದೆ; ಕಣ್ಣು ಹೊಂದಿಸಿಕೊಂಡು ನೋಡಿದರೆ ಅದರ ಮೇಲೆ ಹಗ್ಗಕ್ಕೆ ಜೋತ ಆರೋಹಿಗಳು ಚುಕ್ಕಿಗಳಾಗಿ ಕಾಣಸಿಗುವುದೂ ಉಂಟು. ಬುತ್ತಿ ಬಿಚ್ಚಿದಾಗ ದಪ್ಪ ಅಳಿಲಿನಂಥ ಮರ್ಮೊಟ್‌ಗಳು ಹತ್ತಿರ ಬರುತ್ತವೆ. ಒಂದು ಕಾಳನ್ನೂ ಹಾಕಬೇಡಿ, ಚೀಲವನ್ನು ತೆರೆದಿಟ್ಟು ದೂರ ಹೋಗಬೇಡಿ. ಹತ್ತು ಗಂಟೆಯಾಗುತ್ತಿದ್ದಂತೆ ಏಳಬೇಕು. ಮರಗಳ ಗಡಿಗೆ ಇಳಿಯಲು ಒಂದು ಗಂಟೆಗೂ ಮೀರಿದ ನಡಿಗೆ ಇನ್ನೂ ಬಾಕಿಯಿರುತ್ತದೆ.